ಗುರುಗುಂಟಾದ ಗಂಟೆಗಳು

೧ ಜೂನ್ ೧೯೯೬, ಮಸ್ಕಿ

ಇವತ್ತಿನ ಪೇಪರಿನಲ್ಲಿ ಅಕ್ಷರಗಳು ಸತ್ತ ಇರುವೆಗಳ ಹಾಗೆ ಬಿದ್ದುಕೊಂಡಿದ್ದವು. ಶಾಯಿಯಲ್ಲೂ ಉಳಿತಾಯ ಮಾಡುವ ಕಾಲ ಬಂತು. ಈ ಡೈರಿಯದೂ ಅದೇ ಹಣೆಬರಹ. ಗೆರೆಗಳನ್ನು ಎಷ್ಟು ತೆಳ್ಳಗೆ ಹಾಕಿದ್ದಾರೆಂದರೆ ಇವೆಯೋ ಇಲ್ಲವೋ ದೇವರಿಗೇ ಗೊತ್ತು.

ಸಿಕಂದರಾಬಾದಿನ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಗಾಲ್ಫ್ ಮೈದಾನ ನೋಡಿಕೊಂಡ ಈ ಅಮರಗುಂಡಪ್ಪ ಈಗ ಎಲ್ಲಿದ್ದಾನೆ? ಮಸ್ಕಿಯಲ್ಲಿ, ವಿಧವೆ ತಂಗಿ ಶೇಖರಮ್ಮನ ಪಡಸಾಲೆಯಲ್ಲಿ, ನಡು ಜೋಲುಬಿದ್ದ ಹಗ್ಗದ ಮಂಚದ ಮೇಲೆ. ಸುತ್ತ ಇರುವವರಿಗೆ ಗಾಲ್ಫ್ ಅಂದರೆ ಅದೊಂದು ಹೊಸ ಗೊಬ್ಬರ. ಪಕ್ಕದ ಮನೆಯವನು ನಿನ್ನೆ, "ಎಕರೆಗೆ ಎಷ್ಟು ಹಾಕಬೇಕ್ರೀ?" ಎಂದು ಕೇಳಿದ.

ಇವತ್ತು ಎತ್ತುಗಳ ಹಬ್ಬ, ಕಾರಹುಣ್ಣಿಮೆ. ಗಂಡ ತೀರಿಕೊಂಡ ವರ್ಷವೇ ಎತ್ತುಗಳನ್ನು ಮಾರಿದವಳು ಶೇಖರಮ್ಮ. ಆದರೂ ಗೂಟದ ಮೇಲಿನ ಗಂಟೆಸರ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಕುಂಕುಮ ಇಟ್ಟು, ಹೋಳಿಗೆ ಎಡೆ ಹಿಡಿದಳು. "ನಮ್ಮ ಕೆಂದನ ಕೊಳ್ಳಾಗಿನ ಗಂಟಿ ಅಣ್ಣಾ, ಮೈಲಿ ದೂರದಿಂದ ಕೇಳತಿತ್ತು," ಎಂದಳು. ಎತ್ತಿಲ್ಲದ ಮನೆಯಲ್ಲಿ ಗಂಟೆಗೆ ಹೋಳಿಗೆ! ನಕ್ಕುಬಿಟ್ಟೆ.

ಒಂದೇ ಒಳ್ಳೆಯ ಸುದ್ದಿ. ಸಿಂಧನೂರಿನ ಅಕ್ಕಿಗಿರಣಿ ಕರಿಬಸಪ್ಪ ಜವಳಗೇರಾದಲ್ಲಿ ಸ್ವಂತ ಗಾಲ್ಫ್ ಮೈದಾನ ಮಾಡುತ್ತಿದ್ದಾನಂತೆ. ಅದಕ್ಕೊಬ್ಬ ಸೆಕ್ರೆಟರಿ ಬೇಕಂತೆ. ಕುರ್ಚಿ, ಕೋಣೆ, ಬಾಗಿಲಿಗೆ ಹೆಸರಿನ ಹಲಗೆ. ಆ ಕುರ್ಚಿ ನನ್ನದಾಗಲೇಬೇಕು. ಈ ಮಂಚದ ಮೇಲೆ ಕೊಳೆತು ಸಾಯಲಾರೆ.

೩ ಜೂನ್

ನೋಡಿ ಬಂದೆ. ದೇವರೇ!

ಬೆಂಗಳೂರಿನ ಹೊರಗೆ ಹೊಸದಾಗಿ ಎದ್ದ ಖಾಸಗಿ ಗಾಲ್ಫ್ ಕೋರ್ಸೊಂದನ್ನು ನಿವೃತ್ತಿಗೆ ಮುಂಚೆ ನೋಡಿದ್ದೆ. ಯಂತ್ರ ತಂದು ರಾಶಿ ಹಾಕಿದ ಗುಡ್ಡ, ಪ್ಲಾಸ್ಟಿಕ್ ಹಾಸಿ ನೀರು ನಿಲ್ಲಿಸಿದ ಕೆರೆ, ಕೆರೆಯ ನಡುವೆ ಕಾರಂಜಿ, ಸುತ್ತ ಮಾರಾಟಕ್ಕೆ ಬಂಗಲೆ. ಅದು ಆಟದ ಮೈದಾನವಲ್ಲ, ಮನೆ ಮಾರಲು ಹಾಸಿದ ಜಮಖಾನ. ಅದಕ್ಕಿಂತ ಕೆಟ್ಟದ್ದು ಇರಲಾರದು ಎಂದುಕೊಂಡಿದ್ದೆ. ಕರಿಬಸಪ್ಪ ನನ್ನ ಅಹಂಕಾರ ಮುರಿದ.

ಭತ್ತ ಬೆಳೆಯುವವನಿಗೆ ಒಳ್ಳೆಯ ಭೂಮಿ ಅಂದರೆ ಮಟ್ಟಸ ಭೂಮಿ. ಹಾಗಾಗಿ ಚೆಂಡು ಬೀಳಿಸುವ ಒಂಬತ್ತು ಗುಣಿಗಳ ಇಡೀ ಮೈದಾನವನ್ನು ತಟ್ಟೆಯ ಹಾಗೆ ಮಟ್ಟ ಮಾಡಿಸಿದ್ದಾನೆ. ಗುಣಿಯ ಸುತ್ತಲಿನ ನುಣ್ಣನೆಯ ಜಾಗಕ್ಕೆ ಗ್ರೀನ್ ಎನ್ನುತ್ತೇವೆ. ಒಂದೊಂದು ಗ್ರೀನಿಗೂ ಬದು ಹಾಕಿಸಿದ್ದಾನೆ! ನಾಟಿ ಮಾಡುವ ಹೆಣ್ಣಾಳುಗಳನ್ನು ಕರೆಸಿ, ಹಗ್ಗ ಹಿಡಿಸಿ, ಸಾಲುಸಾಲಾಗಿ ಗರಿಕೆ ನೆಡಿಸಿದ್ದಾನೆ.

"ಸಾಹೇಬ್ರ, ನೀರು ಬಿಟ್ರ ಈ ಮೂಲಿಗೂ ಆ ಮೂಲಿಗೂ ಸಮ ನಿಲ್ತದ. ಒಂದು ಬೆರಳು ಏರುಪೇರಿಲ್ಲ," ಎಂದು ಎದೆ ಉಬ್ಬಿಸಿದ.

"ಗಾಲ್ಫಿಗೆ ಏರುಪೇರೇ ಬೇಕು ಕರಿಬಸಪ್ಪ."

"ಏರುಪೇರಿದ್ರ ಅದಕ್ಕ ಹೊಲ ಅಂತಾರೇನ್ರೀ?"

ಬಂಕರ್ ಎಂದರೆ ತಪ್ಪಿ ಬಂದ ಚೆಂಡನ್ನು ಶಿಕ್ಷಿಸಲು ಉಸುಕು ತುಂಬಿದ ಗುಂಡಿ. ಇವನು ಗಿರಣಿಯಲ್ಲಿ ಬಿದ್ದಿತ್ತೆಂದು ಭತ್ತದ ಹೊಟ್ಟು ತುಂಬಿದ್ದಾನೆ. ಚೆಂಡು ಬಿದ್ದರೆ ಗುಳುಂ. ಹುಡುಕಲು ಮೊರ ಬೇಕು.

ಒಳ್ಳೆಯ ಗುಣಿ ಆಟಗಾರನಿಗೆ ಒಂದು ಪ್ರಶ್ನೆ ಕೇಳುತ್ತದೆ. ಬಂಡೆಯ ಮೇಲಿಂದ ದಾಟಿಸುತ್ತೀಯೋ, ಬಳಸಿ ಹೋಗುತ್ತೀಯೋ? ಧೈರ್ಯವೋ, ಜಾಣತನವೋ? ಜವಳಗೇರಾದ ಮೈದಾನ ನಿನ್ನ ಊಟ ಆಯಿತೇ ಎಂದು ಕೂಡ ಕೇಳುವುದಿಲ್ಲ. ಮೇಲಾಗಿ, ಹೊಡೆದ ಚೆಂಡು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಹುಲ್ಲಿನ ಮೇಲೆ ಬಿದ್ದರೆ ಸದ್ದೇ ಇಲ್ಲ. ಇದು ಹಸಿರು ಕೋರ್ಸುಗಳ ಮೂಲದೋಷ. ಮೂವತ್ತು ವರ್ಷ ಇದನ್ನು ನಾನು ಹೇಗೆ ಗಮನಿಸಲಿಲ್ಲವೋ!

ಕರಿಬಸಪ್ಪನಿಗೆ ಮಾತ್ರ, "ಪರವಾಗಿಲ್ಲ, ತಿದ್ದೋಣ," ಎಂದೆ. ಕುರ್ಚಿ ಅವನ ಕೈಯಲ್ಲಿದೆ.

೯ ಜೂನ್

ಹುಚ್ಚು ಒಬ್ಬನಿಗೇ ಹಿಡಿಯುವುದಿಲ್ಲ. ಕರಿಬಸಪ್ಪನ ಮಗಳನ್ನು ಸೊಸೆ ಮಾಡಿಕೊಂಡವನು ಗುರುಗುಂಟಾದ ಜಮೀನ್ದಾರ ಬಸವಂತರಾಯ. ಬೀಗ ಮಾಡಿದನೆಂದು ಇವನೂ ಒಂಬತ್ತು ಗುಣಿ ತೋಡಿಸಿದ್ದಾನೆ. ಇವತ್ತು ಜೀಪು ಕಳಿಸಿದ್ದ. ಜೀಪಿನವನು ಮಸ್ತಾನಸಾಬ. ಮಾತು ಕಡಿಮೆ, ಕೆಮ್ಮು ಜಾಸ್ತಿ.

ಅಲ್ಲಿ ನೀರಿಲ್ಲ, ಹುಲ್ಲಿಲ್ಲ. ಕುರಿ ಮೇಯಿಸುವ ಕಲ್ಲುಗಾವಲಿ. ಗ್ರೀನಿನ ಜಾಗದಲ್ಲಿ ಉಸುಕಿಗೆ ಸುಟ್ಟ ಇಂಜಿನ್ ಎಣ್ಣೆ ಕಲಸಿ ರೋಲರ್ ಎಳೆಸಿದ್ದಾನೆ. ಬಡ ಕ್ಲಬ್ಬುಗಳಲ್ಲಿ ಇದು ಉಂಟು, ಇದಕ್ಕೆ ಬ್ರೌನ್ ಎನ್ನುತ್ತಾರೆ. ಆದರೆ ಇಲ್ಲಿ ಕುರಿಗಳು ಅದರ ಮೇಲೆ ಮಲಗಿದ್ದವು.

"ಬೀಗರು ಮಾಡ್ಯಾರ, ನಾವು ಸುಮ್ಮನ ಕುಂತ್ರ ಸೊಸಿ ಮುಂದ ಮಾರಿ ಹೆಂಗ ತೋರಸೋದು ಸಾಹೇಬ್ರ?" ಎಂದ ಬಸವಂತರಾಯ. ಇದು ಇವನ ಕ್ರೀಡಾಪ್ರೇಮ.

ಗುಣಿಗೆ ನೆಟ್ಟ ಬಾವುಟ ಎಲ್ಲಿದೆಯೋ ಗೊತ್ತಾಗದೆ ತಲೆ ಕೆಟ್ಟಿತು. "ಕೆಂಪು ಮಣ್ಣಿಗೆ ಕೆಂಪು ಬಾವುಟ ಕಟ್ಟಿದ ಮಹಾಶಯ ಯಾರು?" ಎಂದು ಗದರಿದೆ.

"ಬಿಳಿ ಬಾವುಟ ಐತಲ್ರೀ ಸಾಹೇಬ್ರ," ಎಂದ.

ಮಸ್ತಾನಸಾಬ ಕೆಮ್ಮಿದ. ಬಿಳಿಯಂತೆ! ಈ ಧೂಳಿನಲ್ಲಿ ಒಂದು ದಿನ ಇದ್ದರೆ ಬಿಳಿ ಕುದುರೆಯೂ ಕೆಂಪಾಗುತ್ತದೆ.

ಮನೆಗೆ ಬಂದು ಶೇಖರಮ್ಮನಿಗೆ ಹೇಳಿ ಬೈದೆ. ಅವಳು ನಗಲಿಲ್ಲ. ಲಾಟೀನು ಎತ್ತಿ ನನ್ನ ಮುಖಕ್ಕೆ ಹಿಡಿದಳು.

"ಅಣ್ಣಾ, ನಿನ್ನ ಕಣ್ಣಾಗ ಪೊರಿ ಬಂದೈತಿ. ಕರಿಗುಡ್ಡಿ ಬೆಳ್ಳಗ ಆಗ್ಯಾದ. ಲಿಂಗಸುಗೂರಾಗ ಕಣ್ಣಿನ ಕ್ಯಾಂಪ್ ಹಾಕ್ತಾರಂತ, ಹೋಗೋಣು."

ಪೊರೆ ಬಂದಿರುವುದು ಅವಳ ಬುದ್ಧಿಗೆ. ಕ್ಯಾಂಪಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಾಲಾಗಿ ಮಲಗಿದರೆ ಮಸ್ಕಿಯಿಂದ ಸಿಂಧನೂರಿನವರೆಗೆ ಡಂಗುರ. ಕುರುಡ ಸೆಕ್ರೆಟರಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾನೇನು ಕುರುಡನಲ್ಲ. ಈ ಸೀಮೆಯ ಬೆಳಕೇ ಸರಿಯಿಲ್ಲ.

೨೬ ಜೂನ್

ಗುರುಗುಂಟಾ ಎರಡನೆಯ ಸಲ. ಬರೆಯಲು ಹೊಟ್ಟೆ ಉರಿಯುತ್ತದೆ, ಆದರೂ ಬರೆಯಬೇಕು: ಮೈದಾನ ಚೆನ್ನಾಗಿದೆ.

ಆ ಹಳ್ಳಿಗಮಾರನಿಗೆ ಈ ಬುದ್ಧಿ ಎಲ್ಲಿಂದ ಬಂತೋ! ಒಂದೊಂದು ಬಾವುಟದ ಕೋಲಿಗೂ ಒಂದೊಂದು ಗಂಟೆ ಕಟ್ಟಿಸಿದ್ದಾನೆ. ಆಷಾಢದ ಗಾಳಿಗೆ ಎಲ್ಲ ಕಡೆ ಠಣ್ ಠಣ್. ಆಟಗಾರ ನಿಂತಲ್ಲಿಂದಲೇ ಗುಣಿ ಯಾವ ದಿಕ್ಕಿಗಿದೆ, ಎಷ್ಟು ದೂರವಿದೆ ಎಂದು ತಿಳಿಯುತ್ತದೆ. ವಿಲಾಯಿತಿಯ ಹಳೆಯ ಕೋರ್ಸುಗಳಲ್ಲಿ, ಗುಡ್ಡದ ಮರೆಯಲ್ಲಿ ಗುಣಿ ಇದ್ದರೆ, ಮುಂದಿನವರು ಆಟ ಮುಗಿಸಿ ಗಂಟೆ ಹೊಡೆಯುವ ಪದ್ಧತಿ ಉಂಟು. ಇವನು ಅದನ್ನೂ ಮೀರಿಸಿದ.

ಮತ್ತು ನೆಲ! ಗಟ್ಟಿ ನೆಲಕ್ಕೆ ಬಿದ್ದ ಚೆಂಡು ಟಕ್ ಎನ್ನುತ್ತದೆ, ಕಲ್ಲಿಗೆ ಬಡಿದರೆ ಟಣ್, ಬ್ರೌನಿನ ಮೇಲೆ ಬಿದ್ದರೆ ದಪ್ಪ್. ಅಂಗಾಲಿಗೆ ಇಳಿಜಾರು ಗೊತ್ತಾಗುತ್ತದೆ. ಏಳನೆಯ ಗುಣಿಗೆ ಅಡ್ಡಲಾಗಿ ಮನೆಯಷ್ಟು ದೊಡ್ಡ ಬಂಡೆ. ಅದರಾಚೆಯಿಂದ ಗಂಟೆ ಕರೆಯುತ್ತದೆ. ದಾಟಿಸುತ್ತೀಯೋ, ಬಳಸುತ್ತೀಯೋ? ದಾಟಿಸಿದೆ. ಆಚೆ ದಪ್ಪ್ ಎಂದಿತು. ನಿವೃತ್ತಿಯಾದ ಮೇಲೆ ಇಷ್ಟು ಖುಷಿಯಾಗಿದ್ದು ಇದೇ ಮೊದಲು.

ನಿಜವಾದ ಮೈದಾನ ಮಾತಾಡಬೇಕು. ಗುರುಗುಂಟಾ ಮಾತಾಡುತ್ತದೆ, ಜವಳಗೇರಾ ಮೂಕ.

ಶೇಖರಮ್ಮನಿಗೆ ಹೇಳಿದೆ. "ಹೌದಾ? ಚಲೋ ಆತು ಬಿಡು," ಎಂದು ರೊಟ್ಟಿ ಬಡಿಯುತ್ತ ಕುಳಿತಳು. ಅವಳಿಗೇನು ತಿಳಿಯಬೇಕು?

೧೪ ಆಗಸ್ಟ್

ಗುರುಗುಂಟಾ. ಗಾಳಿ ಸತ್ತುಹೋಗಿತ್ತು, ಕುತ್ತಿಗೆಯ ಬೆವರು ಆರಲಿಲ್ಲ. ಆದರೂ ನಾನು ಆಡಲು ನಿಂತ ಗುಣಿಯ ಗಂಟೆ ಮಾತ್ರ ಠಣಗುಟ್ಟುತ್ತಲೇ ಇತ್ತು. ಬಂಡೆಗಳ ನಡುವೆ ಎತ್ತರದಲ್ಲಿ ಬೇರೆ ಗಾಳಿ ಹರಿಯುತ್ತದೆ ಎಂದು ಕಾಣುತ್ತದೆ. ಇದನ್ನು ಯೋಚಿಸಿಯೇ ಗುಣಿಗಳ ಜಾಗ ಆರಿಸಿರಬೇಕು.

ಬಸವಂತರಾಯ ಎಂದಿನಂತೆ ಆಟದ ಹೊತ್ತಿಗೆ ಮಾಯ. ಅತಿಥಿ ಆಡುವಾಗ ಮಾಲೀಕ ಜೊತೆಗಿರುವುದು ಮರ್ಯಾದೆ. ಮುಗಿದ ಮೇಲೆ ಬಂದ. ಮೈಯೆಲ್ಲ ಬೆವರು, ಏದುಸಿರು. "ಎಲ್ಲಿ ಸತ್ತಿದ್ದೆ?" ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿದೆ.

ಚೆಂಡು ಎಲ್ಲಿದೆಯೆಂದು ಮಸ್ತಾನಸಾಬ ಹೇಳುತ್ತಾನೆ. ಜೀಪಿನ ಗಾಜು ಒರೆಸಲು ಬಾರದವನಿಗೆ ಚೆಂಡು ಮಾತ್ರ ಕಾಣುತ್ತದೆ.

೧೨ ನವೆಂಬರ್

ಭಾನುವಾರ ಜವಳಗೇರಾದ ಉದ್ಘಾಟನೆ. ಕರಿಬಸಪ್ಪ ಮನೆಗೇ ಬಂದಿದ್ದ. ಶೇಖರಮ್ಮ ಕೊಟ್ಟ ಚಹಾ ಒಂದು ಗುಟುಕು ಕುಡಿದು ಕೆಳಗಿಟ್ಟ. ಸಕ್ಕರೆಗೆ ಬದಲು ಉಪ್ಪು ಹಾಕಿದ್ದಳು ಪುಣ್ಯಾತ್ಮಗಿತ್ತಿ! ನನ್ನ ಮಾನ ಕಳೆಯಲೆಂದೇ ಹುಟ್ಟಿದವಳು.

"ಮೊದಲನೇ ಏಟು ನೀವೇ ಹೊಡೀಬೇಕ್ರೀ ಸಾಹೇಬ್ರ. ಹೊಡದು, ಬೀಗರ ಮೈದಾನಕ್ಕಿಂತ ಇದು ಮೇಲು ಅಂತ ನಾಕು ಮಂದಿ ಮುಂದ ಒಂದು ಮಾತು ಹೇಳಿಬಿಡ್ರಿ. ಕುರ್ಚಿ ನಿಮ್ದು. ಹಲಗಿಗೆ ಬಣ್ಣ ಹಚ್ಚಾಕತ್ತಾರ."

ಅದು ಸುಳ್ಳು ಎಂದು ನನಗೆ ಗೊತ್ತು. ಹೇಳುತ್ತೇನೆ. ಮಂಚದಿಂದ ಕುರ್ಚಿಗೆ ಹೋಗಬೇಕಾದವನು ಒಂದು ಸುಳ್ಳು ಹೇಳಿದರೆ ಮುಳುಗುವುದೇನು?

ಅವನು ಹೋದ ಮೇಲೆ ಶೇಖರಮ್ಮ ಮತ್ತೆ ಶುರು ಮಾಡಿದಳು. "ಅಲ್ಲಿ ಗಂಟಿ ಇಲ್ಲ ಅಣ್ಣಾ. ಹೋಗಬ್ಯಾಡ. ಮೊದಲ ಕಣ್ಣು ತೋರಿಸಿಕೋ."

"ಗಂಟೆ ಇದ್ದರೆಷ್ಟು ಬಿಟ್ಟರೆಷ್ಟು? ಸುಮ್ಮನಿರು ಬೇ," ಎಂದು ರೇಗಿದೆ.

೧೭ ನವೆಂಬರ್

ಬರೆಯುವುದಿಲ್ಲ.

೨೦ ನವೆಂಬರ್

ಬರೆಯದಿದ್ದರೂ ಆದದ್ದು ಆಯಿತು.

ಭಾನುವಾರ ಜವಳಗೇರಾದಲ್ಲಿ ಎಲ್ಲ ದಿಕ್ಕಿಗೂ ಒಂದೇ ಹಸಿರು, ಒಂದೇ ಮಂಜು. ದೂರದಲ್ಲಿ ಕೆಂಪಗೆ ಏನೋ ಅಲ್ಲಾಡಿತು. ಬಾವುಟ ಎಂದು ಗುರಿ ಹಿಡಿದೆ. ಹೊಡೆತ ಚೆನ್ನಾಗಿತ್ತು, ಕೈಗೆ ಗೊತ್ತಾಗುತ್ತದೆ, ಅಂಥ ಹೊಡೆತ ಐದು ವರ್ಷದಲ್ಲಿ ಹೊಡೆದಿಲ್ಲ. ಅದು ಬಾವುಟವಲ್ಲ, ಅಡುಗೆಯವನ ಕೆಂಪು ರುಮಾಲು. ಚೆಂಡು ಶಾಮಿಯಾನದೊಳಗೆ ನುಗ್ಗಿ ಗೋಧಿ ಹುಗ್ಗಿಯ ಹಂಡೆಗೆ ಬಿತ್ತು. ಬಿಸಿ ಹುಗ್ಗಿ ಸಿಡಿದು ಅಡುಗೆಯವನ ಕೈಯಲ್ಲಿ ಬೊಬ್ಬೆ ಎದ್ದಿತು.

ಎಲ್ಲರೂ ನಕ್ಕರು. ಸಿಂಧನೂರಿಗೆ ಸಿಂಧನೂರೇ ನಕ್ಕಿತು. ನಗುವವರ ಮುಖ ನನಗೆ ಕಾಣಿಸಲಿಲ್ಲ, ಹಲ್ಲು ಕೂಡ.

ಕರಿಬಸಪ್ಪ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಕಣ್ಣು ಕಾಣಂಗಿಲ್ಲ ಅಂತ ಮೊದಲ ಹೇಳಬೇಕಿಲ್ಲೋ ಮುದುಕಾ? ಹೋಗು, ಮನಿ ಸೇರಿಕೋ." ಆರು ತಿಂಗಳು ಸಾಹೇಬ್ರ ಎಂದ ಬಾಯಿ.

ಬಸ್ಸಿಗೆ ಕಾಯುತ್ತಿದ್ದಾಗ ಮಸ್ತಾನಸಾಬ ಬಂದು ಜೀಪಿಗೆ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಕೆಮ್ಮಲಿಲ್ಲ.

ಮನೆಯಲ್ಲಿ ಶೇಖರಮ್ಮ ಕಾಲಿಗೆ ನೀರು ಕೊಟ್ಟಳು. ನಾನೇ ಕೇಳಿದೆ: "ಆ ಕ್ಯಾಂಪು ಯಾವತ್ತು?"

೩೦ ನವೆಂಬರ್

ಆಪರೇಷನ್ ಆಯಿತು. ಬರೆಯಬೇಡ ಎಂದಿದ್ದಾರೆ. ವೈದ್ಯರ ಮಾತನ್ನು ನಾನು ಯಾವತ್ತು ಕೇಳಿದ್ದೇನೆ? ಶೇಖರಮ್ಮ ಹೊತ್ತುಹೊತ್ತಿಗೆ ಔಷಧ ಬಿಡುತ್ತಾಳೆ. ಅರ್ಧ ಕಣ್ಣಿಗೆ, ಅರ್ಧ ಮೂಗಿಗೆ. ಇಷ್ಟು ದೊಡ್ಡ ಕಣ್ಣು ಕಾಣಿಸುವುದಿಲ್ಲವೇ ಇವಳಿಗೆ?

೨ ಜನವರಿ ೧೯೯೭

ಕನ್ನಡಕ ಬಂತು. ಗಾಜು ಸೋಡಾಬಾಟಲಿಯ ತಳದಷ್ಟು ದಪ್ಪ.

ಡೈರಿಯಲ್ಲಿ ಗೆರೆಗಳಿವೆ. ದಪ್ಪಗೇ ಇವೆ. ನಾನು ಬರೆದದ್ದು ಒಂದೂ ಗೆರೆಯ ಮೇಲಿಲ್ಲ. ಜೂನ್ ತಿಂಗಳ ಸಾಲುಗಳು ಒಂದರ ಮೇಲೊಂದು ಹತ್ತಿ ಕುಳಿತಿವೆ.

ಮನೆ ನೋಡಿದೆ. ಮೂಲೆಯಲ್ಲಿ ಜೇಡ, ಅನ್ನದಲ್ಲಿ ಕಲ್ಲು, ರೊಟ್ಟಿಯ ಒಂದು ಮಗ್ಗುಲು ಇದ್ದಿಲು. ಮೊದಲು ಶೇಖರಮ್ಮ ಹೀಗಿರಲಿಲ್ಲ. ವಯಸ್ಸಾದಂತೆ ಸೋಮಾರಿತನ. ಹೇಳಿದೆ. "ಹೌದಣ್ಣಾ," ಎಂದಳು.

೫ ಜನವರಿ

ಬಸವಂತರಾಯ ಜೀಪು ಕಳಿಸಿದ್ದ. ನಾನು ಹೊಗಳಿ ಹೊಗಳಿ ದಣಿದ ಮೈದಾನವನ್ನು ಇವತ್ತು ಮೊದಲ ಸಲ ನೋಡಿದೆ. ಕುರಿಹಿಕ್ಕೆ, ಮುಳ್ಳುಕಂಟಿ, ಕರ‍್ರಗೆ ಜಿಡ್ಡು ಹಿಡಿದ ಬ್ರೌನು. ಬಾವುಟಗಳು ಬಿಳಿಯವೇ. ದಾರಿಯಲ್ಲಿ ಜವಳಗೇರಾದ ಸುದ್ದಿಯನ್ನೂ ಮಸ್ತಾನಸಾಬ ಹೇಳಿದ: ಕರಿಬಸಪ್ಪ ಮೈದಾನಕ್ಕೆ ನೀರು ಬಿಟ್ಟು ಭತ್ತ ನಾಟಿ ಮಾಡಿಸುತ್ತಿದ್ದಾನಂತೆ. ಅವನು ಆ ಭೂಮಿಗೆ ಮಾಡಿದ ಮೊದಲ ಬುದ್ಧಿವಂತಿಕೆ ಅದು.

ಕನ್ನಡಕ ಏರಿಸಿಕೊಂಡು ಸೆಕ್ರೆಟರಿಯ ಗತ್ತಿನಲ್ಲಿ ಹೇಳಿದೆ: "ನೋಡು ಬಸವಂತರಾಯ, ಈ ಗಂಟೆಗಳನ್ನು ತೆಗೆಸು. ಕಣ್ಣಿಗೆ ಕಾಣುವ ಗುಣಿಗೆ ಗಂಟೆ ಕಟ್ಟುವ ಪದ್ಧತಿ ಯಾವ ಕ್ಲಬ್ಬಿನಲ್ಲೂ ಇಲ್ಲ."

"ತೆಗೀರಿ ಸಾಹೇಬ್ರ. ಇನ್ನ ನಿಮಗ ಬೇಕಾಗಂಗಿಲ್ಲ."

"ನನಗೆ?"

ಅವನು ನೆಲ ನೋಡಿದ. ನಾನು ಬಾವುಟದ ಹತ್ತಿರ ಹೋದೆ. ಹಿತ್ತಾಳೆಯ ಸಣ್ಣ ಗಂಟೆ. ನೀಲಿ ದಾರದಲ್ಲಿ ಬಿಗಿದು ಕಟ್ಟಿದ್ದು. ಸಂದಿಯಲ್ಲಿ ಕುಂಕುಮ ಇನ್ನೂ ಅಂಟಿಕೊಂಡಿತ್ತು.

"ತಂಗೆವ್ವ ಕೊಟ್ಟು ಕಳಿಸಿದ್ದಳ್ರೀ," ಎಂದ ಬಸವಂತರಾಯ. "ಎತ್ತಿನ ಗಂಟಿಸರ ಬಿಚ್ಚಿ ಮಸ್ತಾನಸಾಬನ ಕೈಯಾಗ ಕೊಟ್ಟಿದ್ದಳು. ನಮ್ಮ ಅಣ್ಣಗ ಕಣ್ಣು ಕಾಣವಲ್ಲವು, ಕಿವಿ ಚಲೋ ಅದಾವ, ಇವನ್ನ ಕಟ್ರಿ, ಆಡ್ತಾನ, ಯಾರ ಮುಂದೂ ಅನಬ್ಯಾಡ್ರಿ ಅಂದಳಂತ."

"ಗಾಳಿ ಇಲ್ಲದ ದಿನ?"

ಇದಕ್ಕೆ ಮಸ್ತಾನಸಾಬ ಹೇಳಿದ: "ನಮ್ಮ ಧಣೇರಽ ನಿಂತು ಅಲ್ಲಾಡಸ್ತಿದ್ರು ಸಾಬ್. ಒಂದು ಬಾವುಟದಿಂದ ಇನ್ನೊಂದಕ್ಕ ಓಡಿ ಹೋಗಿ."

ಅರವತ್ತು ದಾಟಿದ ಜಮೀನ್ದಾರ, ಆಗಸ್ಟಿನ ಬಿಸಿಲಲ್ಲಿ. ನಾನು ಅವನನ್ನು ಮರ್ಯಾದೆ ಗೊತ್ತಿಲ್ಲದವನು ಎಂದು ಬರೆದಿದ್ದೇನೆ. ಪುಟ ತಿರುಗಿಸಿ ನೋಡಿದೆ, ಹೌದು, ಬರೆದಿದ್ದೇನೆ.

"ಇಲ್ಲೇ ಇರ‍್ರಿ ಸಾಹೇಬ್ರ. ಮೈದಾನ ನೋಡಿಕೊಳ್ರಿ. ಕುರ್ಚಿ ಇಲ್ಲ, ಬಂಡಿಗಲ್ಲೈತಿ, ಅದರ ಮ್ಯಾಲ ಕುಂದರ‍್ರಿ," ಎಂದ. ಹೂಂ ಎಂದೆ.

ಮನೆಗೆ ಬಂದು ಗೂಟ ನೋಡಿದೆ. ಬರಿದಾಗಿತ್ತು. ಜೂನಿನಿಂದ ಬರಿದಾಗಿಯೇ ಇದ್ದಿರಬೇಕು. ನನಗೆ ನಾಚಿಕೆಯಾಯಿತು. ಬರೆದೆ, ಆಯಿತು. ಅವಳಿಗೆ ಹೇಳಲಿಲ್ಲ. ಎಳ್ಳಮಾಸಿಗೆ ಅವಳನ್ನು ಕರೆದುಕೊಂಡು ಹೋಗಿ, ಗಂಟೆಗಳನ್ನೆಲ್ಲ ಬಿಚ್ಚಿ ಅವಳ ಉಡಿಗೆ ಹಾಕುತ್ತೇನೆ. ಗೂಟಕ್ಕೆ ಮರಳಲಿ.

೯ ಜನವರಿ, ಎಳ್ಳಮಾಸಿ

ಗುರುಗುಂಟಾಕ್ಕೆ ಹೋಗಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಬುಟ್ಟಿ ತುಂಬ. ನನ್ನ ಜೇಬಿನಲ್ಲಿ ದಾರ ಕೊಯ್ಯಲು ಚಾಕು.

ಇಳಿದವಳೇ ಶೇಖರಮ್ಮ ಚರಗ ಚೆಲ್ಲಲು ಸೆರಗು ಕಟ್ಟಿದಳು. ಅಮಾವಾಸ್ಯೆಯ ದಿನ ಹೊಲಕ್ಕೆ ಅನ್ನ ಬೀರಿ ಉಣಿಸುವುದು ಈ ಸೀಮೆಯ ಪದ್ಧತಿ. ಮುಂದೆ ಒಬ್ಬರು ಚರಗ ಬೀರುತ್ತ ಹೋಗಬೇಕು, ಹಿಂದೆ ಒಬ್ಬರು ನೀರು ಚಿಮುಕಿಸುತ್ತ.

"ಇದು ಹೊಲ ಅಲ್ಲ ಬೇ, ಗಾಲ್ಫ್ ಕೋರ್ಸು. ಬ್ರೌನಿನ ಮೇಲೆ ಅನ್ನ ಚೆಲ್ಲಬಾರದು, ನಿಯಮ ಇದೆ."

"ಭೂಮಿ ಹೌದಲ್ಲೋ ಇದು? ವರ್ಷಕ್ಕ ಒಂದ ದಿನ ಉಣಸಬೇಕು. ತಂಬಿಗಿ ಹಿಡಿ."

ಹಿಡಿದೆ. ಮೂವತ್ತು ವರ್ಷ ಮೈದಾನದಲ್ಲಿ ಎಲ್ಲರನ್ನೂ ನನ್ನ ಹಿಂದೆ ನಡೆಸಿದವನು ತಂಬಿಗೆ ಹಿಡಿದು ತಂಗಿಯ ಹಿಂದೆ ನಡೆದೆ. ಬಸವಂತರಾಯ ದೂರ ನಿಂತು ನೋಡುತ್ತಿದ್ದ. ನೋಡಲಿ. ಒಂದೊಂದು ಬಾವುಟದ ಹತ್ತಿರವೂ ಅವಳು ತಡಕಾಡಿ ಗಂಟೆ ಮುಟ್ಟಿ, ಕೈ ಕಣ್ಣಿಗೆ ಒತ್ತಿಕೊಂಡಳು. ಎರಡು ಸಲ ಕಲ್ಲಿಗೆ ಎಡವಿದಳು. "ನೋಡಿಕೊಂಡು ನಡಿ," ಎಂದು ಗದರಿದೆ.

ಏಳನೆಯ ಗುಣಿಯ ಬಂಡೆ ಬಳಸಿ ಬಂದೆವು. ಬಾವುಟ ಎದುರಿಗೇ ಇತ್ತು. ಅವಳು ನಿಂತುಬಿಟ್ಟಳು.

"ಬಾವುಟ ಎಲ್ಲೈತಿ ಅಣ್ಣಾ?"

"ಮುಂದೆಯೇ ಇದೆಯಲ್ಲ. ನಿನಗೇನು ಕಣ್ಣು ಕಾಣುವುದಿಲ್ಲವೇ?"

"ಇಲ್ಲಣ್ಣಾ," ಎಂದಳು, ಹೊತ್ತಾಯಿತು ಎಂದು ಹೇಳುವಷ್ಟು ಸಲೀಸಾಗಿ. "ದೀಪಾವಳಿ ಮುಂದಿಂದ ಹಿಂಗಽ ಆಗ್ಯಾದ. ಕ್ಯಾಂಪಿನ್ಯಾಗ ಡಾಕ್ಟರು ನನಗೂ ಮಾಡ್ತೀನಂದ್ರು. ಇಬ್ಬರೂ ಕಣ್ಣು ಕಟಗೊಂಡು ಮಲಗಿದ್ರ ನಿನಗ ಔಷಧ ಬಿಡೋರ್ಯಾರು? ಬ್ಯಾಡಂದೆ."

ಉಪ್ಪಿನ ಚಹಾ. ಅನ್ನದಲ್ಲಿ ಕಲ್ಲು. ಮೂಗಿಗೆ ಬಿದ್ದ ಔಷಧ. ದಪ್ಪ ಕನ್ನಡಕ ಹಾಕಿಕೊಂಡು ನಾನು ನೋಡಿದ್ದು ರೊಟ್ಟಿಯ ಇದ್ದಿಲನ್ನು. ಸಿಂಧನೂರು ನಕ್ಕ ದಿನ ಕೂಡ ನನಗೆ ಇಷ್ಟು ಅಳು ಬಂದಿರಲಿಲ್ಲ.

"ಮುಂದಿನ ಕ್ಯಾಂಪು ಯಾವಾಗ?" ಎಂದೆ.

"ಯುಗಾದಿ ಮುಂದಂತ. ಯಾಕ?"

ಅವಳನ್ನು ಅಲ್ಲೇ ನಿಲ್ಲಿಸಿ ಬಾವುಟದ ಹತ್ತಿರ ಓಡಿದೆ. ತಂಬಿಗೆ ಕೆಳಗಿಟ್ಟೆ. ಚಾಕು ಜೇಬಿನಲ್ಲೇ ಇತ್ತು. ಕೋಲು ಹಿಡಿದು ಅಲ್ಲಾಡಿಸಿದೆ. ಗಂಟೆ ಠಣ್ ಎಂದಿತು. ಅವಳು ಸದ್ದಿನ ಕಡೆ ಮುಖ ತಿರುಗಿಸಿ, ಚರಗ ಬೀರುತ್ತ ನೆಟ್ಟಗೆ ನಡೆದು ಬಂದಳು.

"ಕೆಂದನ ಗಂಟಿ ಇದು," ಎಂದಳು ನಗುತ್ತ. "ಗಾಳಿ ಬಿಡ್ತೇನು?"

"ಹೂಂ, ಬಿಟ್ಟಿತು," ಎಂದೆ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.